ಪಿಟೀಲಿಗೆ ವಯಸ್ಸೆಷ್ಟು?

ಹೆಸರಘಟ್ಟದ ನಮ್ಮ ಮನೆಯ ಗೇಟು ತೆರೆಯುವ ಅಪರಿಚಿತರು ಹೆಚ್ಚಾಗಿ ನೃತ್ಯಗ್ರಾಮಕ್ಕೆ ದಾರಿ ಕೇಳುವವರು. ಕಳೆದ ಮಾಘದ ಒಂದು ಸಂಜೆ ಬಂದ ತಾಯಿ ಮಗಳನ್ನು ಕಂಡಾಗಲೂ ಹಾಗೆಯೇ ಅಂದುಕೊಂಡು ಕೈಯೆತ್ತಿ ದಾರಿ ತೋರಿಸಲು ಹೊರಟಿದ್ದೆ. ಅಷ್ಟರಲ್ಲಿ ಆ ತಾಯಿಯ ಕೈಯಲ್ಲಿದ್ದ ಪಿಟೀಲಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಪುಟ್ಟ ಪೆಟ್ಟಿಗೆ. ಮಕ್ಕಳ ಅಳತೆಯದು.

"ಅಮ್ಮಾ, ನೀವು ಸಂಗೀತದ ಬಗ್ಗೆ ಬರೀತೀರಂತೆ. ನಮ್ಮ ಮಗು ಬಗ್ಗೆ ಎರಡು ಮಾತು ಬರ್ಕೊಡಿ. ರಾಮನವಮಿ ಕಛೇರಿಗಳು ಹತ್ರ ಬಂದ್ವು, ಕಮಿಟಿಯವರಿಗೆ ತೋರ್ಸೋಕೆ ಬೇಕು" ಎಂದರು. ಕೂರಿಸಿ ನೀರು ಕೊಡುವಷ್ಟರಲ್ಲಿ ಮೊಬೈಲು ತೆಗೆದು ನನ್ನ ಮುಂದೆ ಹಿಡಿದೂ ಆಯಿತು. ಕದನಕುತೂಹಲ ರಾಗದ ಕೃತಿ. ವೇಗವೆಂದರೆ ವೇಗ! ಕಮಾನು ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಎಷ್ಟು ಸಾವಿರ ಜನ ನೋಡಿದ್ದಾರೆಂಬ ಲೆಕ್ಕ ಚಿತ್ರದ ಕೆಳಗೇ ಇತ್ತು. "ಇನ್ನೂ ಎಂಟೇ ವರ್ಷ ಅಮ್ಮಾ" ಎಂದು ತಾಯಿ ಎರಡು ಸಲ ಹೇಳಿದರು. ಮಗು ನಮ್ಮ ಬೆಕ್ಕನ್ನು ನೋಡುತ್ತಾ ಕೂತಿತ್ತು.

ನನಗೆ ಒಳಗೆಲ್ಲೋ ಚುಚ್ಚಿದ ಹಾಗಾಯಿತು. ಅಂಥ ಎರಡು ಮಾತನ್ನು ನಾನು ಹಿಂದೊಮ್ಮೆ ಬರೆದು ಕೊಟ್ಟಿದ್ದೇನೆ. ಅದರ ಕಥೆ ಹೇಳದೆ ಮುಂದೆ ಹೋಗಲಾರೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಒಂದು ದೇವಸ್ಥಾನದ ಅಂಗಳದಲ್ಲಿ ರಾಮನವಮಿಯ ಚಪ್ಪರ. ಒಂಬತ್ತು ವರ್ಷದ ಹುಡುಗಿ, ರೇಷ್ಮೆ ಲಂಗ, ಎರಡು ಜಡೆ, ಕಿವಿಯ ಮೇಲೆ ಕನಕಾಂಬರ. ಪಿಟೀಲು ಅವಳಿಗಿಂತ ದೊಡ್ಡದೇನೋ ಎನ್ನಿಸುವ ಹಾಗೆ ಕೂತಿದ್ದಳು. ಒಂದೂವರೆ ಗಂಟೆ ನುಡಿಸಿದಳು. ಪಾನಕದ ಲೋಟ ಹಿಡಿದವರು ಕುಡಿಯುವುದನ್ನು ಮರೆತು ನಿಂತಿದ್ದರು. ನಾನೂ ಹಾಗೇ ನಿಂತಿದ್ದೆ. ಮನೆಗೆ ಬಂದು ರಾತ್ರಿಯೇ ಒಂದು ಸಣ್ಣ ಮಾಸಪತ್ರಿಕೆಗೆ ಬರೆದು ಹಾಕಿದೆ. "ಒಂಬತ್ತರ ಬೆರಳುಗಳಲ್ಲಿ ತೊಂಬತ್ತರ ಪಕ್ವತೆ" ಎಂಬುದು ಅದರ ಕೊನೆಯ ವಾಕ್ಯ. ಬರೆದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಪ್ರಾಸ ಚೆನ್ನಾಗಿತ್ತಲ್ಲ!

ಆ ಪುಟವನ್ನು ಹುಡುಗಿಯ ತಾಯಿ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿದರು. ಆಮೇಲಿನ ಆಹ್ವಾನ ಪತ್ರಿಕೆಗಳಲ್ಲಿ ನನ್ನ ವಾಕ್ಯ ಅಚ್ಚಾಯಿತು. ಹುಡುಗಿಗೆ ಕಛೇರಿಯ ಮೇಲೆ ಕಛೇರಿ. ಎರಡು ವರ್ಷದ ನಂತರ ಇನ್ನೊಂದು ಕಡೆ ಅವಳನ್ನು ಕೇಳಿದೆ. ಆಗ ನನಗೆ ಒಂದು ವಿಷಯ ಹೊಳೆಯಿತು. ಮೊದಲ ಸಲ ನುಡಿಸಿದ್ದ ಅದೇ ಕಲ್ಯಾಣಿ ಆಲಾಪನೆ. ಅದೇ ಎಂದರೆ ಅದೇ. ಸಂಚಾರಕ್ಕೆ ಸಂಚಾರ, ನಿಲುಗಡೆಗೆ ನಿಲುಗಡೆ. ತಾರಸ್ಥಾಯಿಗೆ ಏರುವ ಮುನ್ನ ತಾಯಿಯ ಕಡೆ ನೋಡುವುದು ಕೂಡ ಅದೇ ಜಾಗದಲ್ಲಿ. ಆಲಾಪನೆ ಎಂಬುದು ಆ ಗಳಿಗೆಯಲ್ಲಿ ಹುಟ್ಟಬೇಕಾದದ್ದು. ಅದಕ್ಕೇ ಅದನ್ನು ಮನೋಧರ್ಮ ಎನ್ನುತ್ತೇವೆ. ಈ ಮಗುವಿಗೆ ಯಾರೋ ಅದನ್ನು ಪದ್ಯದಂತೆ ಬಾಯಿಪಾಠ ಮಾಡಿಸಿದ್ದರು. ಅವಳಿಗೆ ಹನ್ನೊಂದಾಗಿತ್ತು, ರಾಗಕ್ಕೆ ಇನ್ನೂ ಒಂಬತ್ತೇ.

ಅದನ್ನು ನಾನು ಬರೆಯಲಿಲ್ಲ. ಮಗುವಿನ ಮೇಲೆ ಕಠಿಣವಾಗಿ ಬರೆಯುವುದುಂಟೆ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನನ್ನ ವಾಕ್ಯವನ್ನು ನಾನೇ ಅಳಿಸಿಕೊಳ್ಳಲು ಮನಸ್ಸಿರಲಿಲ್ಲ.

ಆಮೇಲೆ ಅವಳ ಹೆಸರು ಕೇಳಿಬರುವುದು ಕಡಿಮೆಯಾಯಿತು. ಹದಿನಾಲ್ಕು ಹದಿನೈದಕ್ಕೆ ಪೂರ್ತಿ ನಿಂತಿತು. ಕೆಲವು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಸಿಕ್ಕಳು, ಬ್ಯಾಂಕಿನಲ್ಲಿ ಕೆಲಸವಂತೆ. ಪಿಟೀಲು ಅಟ್ಟದ ಮೇಲಿದೆಯಂತೆ. ನಗುನಗುತ್ತಲೇ ಹೇಳಿದಳು: "ಆಂಟಿ, ನೀವು ಬರ್ದಿದ್ದು ಇನ್ನೂ ನಮ್ಮನೆ ಗೋಡೆ ಮೇಲಿದೆ. ಅಷ್ಟು ಚೆನ್ನಾಗಿ ನಾನು ಆಮೇಲೆ ಯಾವತ್ತೂ ನುಡಿಸ್ಲಿಲ್ಲ ಅಂತ ಅಮ್ಮ ಈಗ್ಲೂ ಹೇಳ್ತಾರೆ."

ಊಟದ ಎಲೆಯ ಮುಂದೆ ಕೂತರೂ ಅನ್ನ ಇಳಿಯಲಿಲ್ಲ. ಒಂಬತ್ತಕ್ಕೇ ತೊಂಬತ್ತು ಮುಗಿಸಿಬಿಟ್ಟವಳಿಗೆ ಹತ್ತನೆಯ ವರ್ಷದಲ್ಲಿ ಮಾಡಲು ಏನು ಉಳಿದಿತ್ತು?

ಬಾಲಪ್ರತಿಭೆ ಎಂಬ ಮಾತಿನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಅಂದಿನಿಂದ. ಪ್ರತಿಭೆಯ ಮೇಲೆ ಅಲ್ಲ, ಆ ಮಾತನ್ನು ನಾವು ಬಳಸುವ ರೀತಿಯ ಮೇಲೆ. ನೀವೂ ಗಮನಿಸಿ ನೋಡಿ. ದೊಡ್ಡವರ ಕಛೇರಿಯಿಂದ ಬಂದಾಗ "ತೋಡಿ ಹೇಗಿತ್ತು" ಎಂದು ಕೇಳುತ್ತೇವೆ. ಮಗುವಿನ ಕಛೇರಿಯಿಂದ ಬಂದಾಗ "ವಯಸ್ಸೆಷ್ಟಂತೆ" ಎಂದು ಕೇಳುತ್ತೇವೆ. ಮಗು ನುಡಿಸಿದ ರಾಗ ಯಾವುದೆಂದು ಮನೆ ಸೇರುವಷ್ಟರಲ್ಲಿ ಮರೆತಿರುತ್ತೇವೆ. ಚಪ್ಪಾಳೆ ಬಿದ್ದದ್ದು ವಯಸ್ಸಿಗೆ. ವಯಸ್ಸೋ, ವರ್ಷಕ್ಕೊಂದರಂತೆ ಕೈಬಿಟ್ಟು ಹೋಗುವ ವಸ್ತು.

ಪಿಟೀಲಿನಂಥ ವಾದ್ಯದಲ್ಲಿ ಈ ಮೋಸ ಇನ್ನೂ ಸುಲಭ. ಅದು ನಮ್ಮಲ್ಲಿ ಹುಟ್ಟಿದ್ದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಯುರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದ್ದು. ಬಿಳಿಯರು ನಿಂತು, ಗದ್ದಕ್ಕೆ ಒತ್ತಿ ಹಿಡಿಯುವುದನ್ನು ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ಅದರ ಸುರುಳಿ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ ಎದೆಗೆ ಆನಿಸಿಕೊಂಡರು. ಅದರಿಂದ ಎಡಗೈಗೆ ವಾದ್ಯ ಹೊರುವ ಭಾರ ತಪ್ಪಿತು. ಬೆರಳು ತಂತಿಯ ಉದ್ದಕ್ಕೂ ಜಾರಾಡಲು ಬಿಡುವಾಯಿತು. ನಮ್ಮ ಗಮಕವೆಲ್ಲ ಆ ಜಾರಾಟದಲ್ಲಿದೆ. ವೀಣೆಗೆ ಮೆಟ್ಟಿಲಿದೆ, ಇಲ್ಲಿ ಅದೂ ಇಲ್ಲ. ಷಡ್ಜ ಎಲ್ಲಿದೆ ಎಂದು ತೋರಿಸುವ ಗುರುತು ಮರದ ಮೇಲಿಲ್ಲ. ಅದು ಕಿವಿಯಲ್ಲಿರಬೇಕು.

ಮಕ್ಕಳ ಪಿಟೀಲು ಕಾಲು, ಅರ್ಧ, ಮುಕ್ಕಾಲು ಎಂದು ಬೇರೆ ಬೇರೆ ಅಳತೆಯಲ್ಲಿ ಸಿಗುತ್ತವೆ. ಕೈ ಬೆಳೆದ ಹಾಗೆ ವಾದ್ಯ ಬದಲಾಯಿಸಬೇಕು. ವಾದ್ಯ ಬದಲಾದಾಗಲೆಲ್ಲ ಸ್ವರಗಳ ನಡುವಿನ ಅಂತರವೂ ಬದಲಾಗುತ್ತದೆ. ನಿನ್ನೆಯವರೆಗೆ ಸರಿಯಿದ್ದ ಬೆರಳು ಇವತ್ತು ತಪ್ಪು ಜಾಗದಲ್ಲಿ ಕೂರುತ್ತದೆ. ಕಿವಿಯಿಂದ ಕಲಿತ ಮಗು ನಾಲ್ಕು ದಿನ ತಡವರಿಸಿ ಹೊಂದಿಕೊಳ್ಳುತ್ತದೆ. ಬೆರಳಿನ ಲೆಕ್ಕದಿಂದಷ್ಟೇ ಕಲಿತ ಮಗುವಿಗೆ ಪ್ರತಿಸಲವೂ ನೆಲ ಕುಸಿದ ಹಾಗಾಗುತ್ತದೆ. ಹನ್ನೆರಡು ಹದಿಮೂರರ ಹೊತ್ತಿಗೆ ಪೂರ್ಣ ಅಳತೆಯ ಪಿಟೀಲು ಕೈಗೆ ಬರುವಾಗ ಮೈಯೂ ಬದಲಾಗುತ್ತಿರುತ್ತದೆ, ಶಾಲೆಯ ಪಾಠವೂ ಭಾರವಾಗುತ್ತಿರುತ್ತದೆ, "ಅಯ್ಯೋ ಎಷ್ಟು ಪುಟ್ಟ ಮಗು" ಎನ್ನುವವರೂ ಇರುವುದಿಲ್ಲ. ಎಲ್ಲ ಒಟ್ಟಿಗೇ.

ಇನ್ನು ವೇಗದ ವಿಷಯ. ಕದನಕುತೂಹಲದಂಥ ರಾಗದಲ್ಲಿ ಸ್ವರಗಳು ಹೆಚ್ಚು ಅಲುಗಾಡದೆ ನೇರವಾಗಿ ನಿಲ್ಲುತ್ತವೆ, ಬ್ಯಾಂಡಿನವರ ಸಂಗೀತದ ಹಾಗೆ ಕುಣಿಯುತ್ತವೆ. ಚುರುಕು ಬೆರಳಿನ ಮಗುವಿಗೆ ಅದು ಆಟದ ಮೈದಾನ. ತಪ್ಪೇನಲ್ಲ, ಮಕ್ಕಳು ಓಡಬೇಕಾದದ್ದೇ. ಆದರೆ ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ. ತೂಗುತ್ತಾ ತೂಗುತ್ತಾ ತನ್ನನ್ನು ತಾನು ತಿಳಿಸಬೇಕು. ತೂಗು ಒಂದು ಕೂದಲೆಳೆ ಹೆಚ್ಚಾದರೆ ಅಳುಬುರುಕಾಗುತ್ತದೆ, ಕಡಿಮೆಯಾದರೆ ಒಣಗುತ್ತದೆ. ಅದಕ್ಕೆ ಚುರುಕು ಬೇಡ, ಕಾಯುವುದು ಗೊತ್ತಿರಬೇಕು. ಮಗುವಿಗೆ ಅದು ಬಾರದೆಂದು ನಾನು ಹೇಳುತ್ತಿಲ್ಲ. ಚಿಕ್ಕ ವಯಸ್ಸಿನ ಕಿವಿಯಷ್ಟು ಚೊಕ್ಕ ಕಿವಿ ಮತ್ತೆ ಸಿಗುವುದಿಲ್ಲ. ಆದರೆ ಚಪ್ಪಾಳೆ ಬೀಳುವುದು ಓಟಕ್ಕೆ ಮಾತ್ರ ಎಂದು ಎಂಟನೇ ವಯಸ್ಸಿಗೇ ತಿಳಿದುಹೋದ ಮೇಲೆ ಯಾವ ಮಗು ತಾನೆ ಕಾಯುತ್ತದೆ?

ನಮ್ಮ ನಾಡಿನಲ್ಲಿ ಪಿಟೀಲು ಎಂದರೆ ಚೌಡಯ್ಯನವರು. ಅವರ ಹೆಸರಿನ ಹಿಂದೆ ವಾದ್ಯದ ಹೆಸರು ಅಂಟಿಕೊಂಡೇ ಬರುತ್ತದೆ, ಪಿಟೀಲು ಚೌಡಯ್ಯ ಎಂದೇ. ಹೆಸರಘಟ್ಟ ಕೆರೆಯ ನೀರು 1890ರ ದಶಕದಲ್ಲಿ ಕೊಳವೆಯ ಮೂಲಕ ಮಲ್ಲೇಶ್ವರದ ಕಡೆ ಹರಿಯಿತು. ಈಗ ನಮ್ಮ ಊರಿನಿಂದ ಮಲ್ಲೇಶ್ವರದ ಕಡೆ ಹೋಗುವುದು ಮಕ್ಕಳ ಪಿಟೀಲು ಪೆಟ್ಟಿಗೆಗಳು! ಅಲ್ಲಿ 1980ರಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನವೇ ಪಿಟೀಲಿನ ಆಕಾರದಲ್ಲಿದೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುವ ತಾಯಂದಿರನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಭವನದ ಹೆಸರಿನ ಮನುಷ್ಯ ಹೇಗೆ ಮೇಲೇರಿದರು ಎಂಬುದನ್ನು ಆ ತಾಯಂದಿರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಅವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲು ನರಸೀಪುರದಲ್ಲಿ. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಪಾಠಕ್ಕೆ ಸೇರಿದ್ದು 1910ರಲ್ಲಿ, ಎಂದರೆ ಹದಿನೈದರಲ್ಲಿ. ಈಗಿನ ಲೆಕ್ಕದಲ್ಲಿ ಅದು ಬಾಲಪ್ರತಿಭೆ ನಿವೃತ್ತಿಯಾಗುವ ವಯಸ್ಸು. ಗುರುಗಳು ಶಿಸ್ತಿನವರು, ಅದಕ್ಕಿಂತ ಮುಖ್ಯವಾಗಿ ಗಾಯಕರು. ಚೌಡಯ್ಯನವರು ಪಿಟೀಲಿನಲ್ಲಿ ಹಾಡಲು ಕಲಿತದ್ದು ಅಲ್ಲಿ. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲನ್ನು ತಂದದ್ದು 1927ರಲ್ಲಿ. ಆಗ ಅವರಿಗೆ ಮೂವತ್ತೆರಡು. ಅದೂ ಚಮತ್ಕಾರಕ್ಕೆ ಮಾಡಿದ್ದಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಗಾಯಕರ ಪಕ್ಕ ಕೂತಾಗ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ವರ್ಷಗಟ್ಟಲೆ ಪಕ್ಕವಾದ್ಯದಲ್ಲಿ ಕೂತು, ಹಿಂದಿನ ಸಾಲಿನವರ ಮುಖ ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು. ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂದಾಗ 1957, ಅವರಿಗೆ ಅರವತ್ತೆರಡು. ತೀರಿಕೊಂಡದ್ದು 1967ರಲ್ಲಿ. ಈ ಬದುಕಿನಲ್ಲಿ ಎಲ್ಲಿಯೂ ಅವಸರವಿಲ್ಲ.

ಎಲ್ಲರೂ ಹೀಗೆ ನಿಧಾನವಾಗಿಯೇ ಬರಬೇಕೆಂದೇನಿಲ್ಲ. ಮೈಸೂರಿನ ನಾಗರಾಜ್ ಮತ್ತು ಮಂಜುನಾಥ್ ಸೋದರರು ಚಿಕ್ಕಂದಿನಲ್ಲೇ ವೇದಿಕೆ ಹತ್ತಿದವರು. ತಂದೆ ಮಹದೇವಪ್ಪನವರೇ ಗುರು. ಅವರ ವಾದನ ಕೇಳಿದರೆ ಬಾಲಪ್ರತಿಭೆ ಹಣ್ಣಾಗುವುದೂ ಉಂಟು ಎಂದು ಒಪ್ಪಲೇಬೇಕು. ಮನೆಯಲ್ಲೇ ಗುರು ಇದ್ದದ್ದರ ಲಾಭ ನನಗೆ ಕಾಣುವುದು ಹೀಗೆ: ಹೊರಗೆ ಎಷ್ಟೇ ಚಪ್ಪಾಳೆ ಬಿದ್ದರೂ ಬೆಳಗ್ಗೆ ಎದ್ದರೆ ಎದುರಿಗೆ ಕೂತು "ಆ ಪಂಚಮ ಏನಾಗಿತ್ತು ನಿನ್ನೆ" ಎಂದು ಕೇಳಬಲ್ಲ ಒಂದು ಕಿವಿ ಮನೆಯೊಳಗಿರುತ್ತದೆ. ಅಂಥ ಕಿವಿಯಿಲ್ಲದ ಮನೆಯಲ್ಲಿ ಆ ಕೆಲಸ ಯಾರದು? ಗುರುಗಳದು ಎನ್ನೋಣ. ಕೇಳುವ ನಮ್ಮದೂ ಸ್ವಲ್ಪ ಇರಬೇಡವೇ? ಬರೆಯುವ ನನ್ನದಂತೂ ಖಂಡಿತ ಇತ್ತು.

ಹೊರದೇಶದ ಒಂದು ಉದಾಹರಣೆ ಹೇಳಬೇಕು, ಯಾಕೆಂದರೆ ಅದರಲ್ಲಿ ನಮ್ಮ ಕೋಲಾರದ ಕಡೆಯವರೊಬ್ಬರು ಬರುತ್ತಾರೆ. ಇಪ್ಪತ್ತನೆಯ ಶತಮಾನ ಕಂಡ ಬಾಲಪ್ರತಿಭೆಗಳಲ್ಲಿ ಎಹೂದಿ ಮೆನೂಹಿನ್‌ರಷ್ಟು ಹೆಸರಾದವರು ಕಡಿಮೆ. 1916ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಏಳನೆಯ ವಯಸ್ಸಿನಲ್ಲೇ ವೇದಿಕೆ ಹತ್ತಿದವರು. 1929ರಲ್ಲಿ, ಹದಿಮೂರು ತುಂಬುವ ಮೊದಲೇ, ಬರ್ಲಿನ್ನಿನಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ದೊಡ್ಡ ಕೃತಿಗಳನ್ನು ಒಂದೇ ಸಂಜೆ ನುಡಿಸಿ ಜಗತ್ತನ್ನೇ ಬೆರಗುಗೊಳಿಸಿದರು. ಆ ಹುಡುಗ ದೊಡ್ಡವರಾದ ಮೇಲೆ ಏನಾಯಿತು? ಎರಡನೆಯ ಮಹಾಯುದ್ಧದ ನಂತರ ಕೈ ಹೇಳಿದಂತೆ ಕೇಳದಾಯಿತು. ಮಗುವಾಗಿದ್ದಾಗ ಹೇಗೆ ನುಡಿಸುತ್ತಿದ್ದೆ ಎಂಬುದು ಅವರಿಗೇ ಗೊತ್ತಿರಲಿಲ್ಲ! ಹಕ್ಕಿ ಹಾರಿದ ಹಾಗೆ ನುಡಿಸಿದ್ದರು. ಒಂದು ದಿನ ರೆಕ್ಕೆ ಹೇಗೆ ಬಡಿಯುವುದೆಂದು ಯೋಚಿಸಬೇಕಾಗಿ ಬಂದಾಗ ಸೋತರು. ಕಮಾನು ಹಿಡಿಯುವುದರಿಂದ ಹಿಡಿದು ಮತ್ತೆ ಕಲಿಯಬೇಕಾಯಿತು.

1952ರಲ್ಲಿ ಅವರು ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಒಬ್ಬ ಯೋಗ ಶಿಕ್ಷಕರ ಪರಿಚಯವಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಅವರು. ಮೆನೂಹಿನ್ ಅವರ ಶಿಷ್ಯರಾದರು. ಭುಜ ಹೇಗೆ ಬಿಗಿಯುತ್ತದೆ, ಉಸಿರು ಎಲ್ಲಿ ಕಟ್ಟುತ್ತದೆ ಎಂಬುದನ್ನು ಅವರ ಬಳಿ ಕಲಿತರು. 1954ರಲ್ಲಿ ಗುರುವಿಗೆ ಒಂದು ಕೈಗಡಿಯಾರವನ್ನು ಉಡುಗೊರೆ ಕೊಟ್ಟು, ತನ್ನ ಅತ್ಯುತ್ತಮ ಪಿಟೀಲು ಗುರು ಇವರೇ ಎಂಬ ಅರ್ಥದ ಮಾತನ್ನು ಅದರ ಹಿಂದೆ ಕೆತ್ತಿಸಿದ್ದರು. ಮೂವತ್ತಾರರ ವಯಸ್ಸಿನಲ್ಲಿ, ಅಷ್ಟು ಕೀರ್ತಿ ಹೊತ್ತವರು ಚಾಪೆಯ ಮೇಲೆ ಕೂತು ಮೊದಲಿನಿಂದ ಕಲಿತದ್ದು ನನಗೆ ಆ ಬರ್ಲಿನ್ನಿನ ಸಂಜೆಗಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ, ನಮ್ಮಂಥವರು ಗಮನಿಸಬೇಕಾದದ್ದು. ಮೆನೂಹಿನ್‌ಗೆ ಹೆಫ್ಜಿಬಾ ಎಂಬ ತಂಗಿ. ಆಕೆ ಪಿಯಾನೋದಲ್ಲಿ ಬಾಲಪ್ರತಿಭೆ. 1928ರಲ್ಲಿ, ಎಂಟನೆಯ ವಯಸ್ಸಿಗೆ ಆಕೆಯ ಮೊದಲ ಕಛೇರಿ. ಅಣ್ಣನ ಜೊತೆ ಮುದ್ರಿಸಿದ ಸಂಗೀತಕ್ಕೆ ಪ್ರಶಸ್ತಿಯೂ ಬಂದಿತ್ತು. 1938ರಲ್ಲಿ ಹದಿನೆಂಟಕ್ಕೆ ಮದುವೆಯಾಗಿ ಆಸ್ಟ್ರೇಲಿಯಾದ ಕುರಿ ಸಾಕಣೆಯ ಜಮೀನಿಗೆ ಹೋದರು. ಆಮೇಲೆಯೂ ನುಡಿಸಿದರು, ಅಣ್ಣನ ಜೊತೆ ಎಷ್ಟೋ ಕಛೇರಿ ಮಾಡಿದರು. ಹೆಸರು ಮಾತ್ರ ಅಣ್ಣನ ಹೆಸರಿನ ಹಿಂದೆಯೇ ಉಳಿಯಿತು. ಮುರಿದ ಪ್ರತಿಭೆಯನ್ನು ಮತ್ತೆ ಕಟ್ಟಿಕೊಳ್ಳಲು ಅಣ್ಣನಿಗೆ ದೇಶ ದೇಶ ತಿರುಗುವ ಸಮಯ ಸಿಕ್ಕಿತು. ಎಷ್ಟು ಹೆಣ್ಣುಮಕ್ಕಳಿಗೆ ಆ ಎರಡನೆಯ ಅವಕಾಶ ಸಿಕ್ಕೀತು?

ನಾನು ಬಾಲಪ್ರತಿಭೆಯ ಮಾತಿಗೆ ಹೆದರುವುದು ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ. ಹೊಗಳಿಕೆ ಮುಗಿಯುವ ವಯಸ್ಸು, ನಿಜವಾದ ಸಂಗೀತ ಶುರುವಾಗಬೇಕಾದ ವಯಸ್ಸು, "ಇನ್ನು ಸಾಕು, ಓದು ನೋಡ್ಕೋ, ನಾಳೆ ಮದುವೆ ಮಾಡ್ಬೇಕು" ಎನ್ನುವ ವಯಸ್ಸು ಇವು ಮೂರೂ ಅವರ ಪಾಲಿಗೆ ಒಂದೇ ಮೂಲೆಯಲ್ಲಿ ಬಂದು ಸೇರುತ್ತವೆ. ಗಂಡುಮಕ್ಕಳಿಗೆ ಈ ಮೂಲೆ ದಾಟಲು ಹತ್ತು ವರ್ಷ ಸಿಗುತ್ತದೆ. ಇವರಿಗೆ ಎರಡು.

ದಾಟಿದವರು ಇದ್ದಾರೆ, ಸಂತೋಷ. ಟಿ.ಎನ್. ಕೃಷ್ಣನ್ ಅವರ ತಂಗಿ ಎನ್. ರಾಜಂ ಅವರನ್ನೇ ನೋಡಿ. ಅಣ್ಣ ತಂಗಿ ಇಬ್ಬರಿಗೂ ತಂದೆ ನಾರಾಯಣ ಅಯ್ಯರ್ ಅವರೇ ಪಾಠ ಹೇಳಿದ್ದು. ಇಬ್ಬರೂ ಎಳವೆಯಲ್ಲೇ ಹೆಸರಾದವರು. ತಂಗಿ ಕರ್ನಾಟಕ ಸಂಗೀತದಿಂದ ಹಿಂದುಸ್ತಾನಿಗೆ ಹೊರಳಿ, ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಕಲಿತು, ಪಿಟೀಲಿನಲ್ಲಿ ಗಾಯನದ ಶೈಲಿಯನ್ನು ತಂದು, ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪಾಠ ಹೇಳಿದರು. ಮಗಳು, ಮೊಮ್ಮಕ್ಕಳೂ ಪಿಟೀಲು ಹಿಡಿದರು. ಎ. ಕನ್ಯಾಕುಮಾರಿಯವರು ಎಂ.ಎಲ್. ವಸಂತಕುಮಾರಿಯವರ ಪಕ್ಕದಲ್ಲಿ ವರ್ಷಾನುಗಟ್ಟಲೆ ನುಡಿಸಿದರು. ಹೆಂಗಸರ ಪಿಟೀಲನ್ನು ಪಕ್ಕಕ್ಕೆ ಕೂರಿಸಿಕೊಳ್ಳಲು ಹಿಂಜರಿಯುವ ಗಂಡು ಗಾಯಕರು ಇದ್ದ ಕಾಲ ಅದು. 2016ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಂತು, ಪಿಟೀಲು ನುಡಿಸುವ ಹೆಣ್ಣಿಗೆ ಮೊದಲ ಸಲ. ಆ ಬಿರುದು ಶುರುವಾಗಿದ್ದು 1942ರಲ್ಲಿ.

ನಮ್ಮ ಬೆಂಗಳೂರಿನ ಜ್ಯೋತ್ಸ್ನಾ ಶ್ರೀಕಾಂತ್ ಅವರ ವಿಷಯವೂ ನೆನಪಾಗುತ್ತದೆ. ಮೊದಲ ಪಾಠ ತಾಯಿ ರತ್ನಾ ಶ್ರೀಕಂಠಯ್ಯನವರಿಂದ, ಪಿಟೀಲು ಆರ್.ಆರ್. ಕೇಶವಮೂರ್ತಿಯವರಿಂದ. ಎಳೆಯ ವಯಸ್ಸಿನಲ್ಲೇ ವೇದಿಕೆ ಕಂಡ ಹುಡುಗಿ, ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರೂ ಆದರು. ಮದುವೆಯಾಗಿ ಲಂಡನ್ನಿಗೆ ಹೋದ ಮೇಲೆ ಪಿಟೀಲು ಅಟ್ಟ ಹತ್ತಲಿಲ್ಲ. ಅದೇ ಅವರ ಹೆಸರಾಯಿತು. ಅವರ ಪಾಶ್ಚಾತ್ಯ ಬೆರಕೆಯ ಸಂಗೀತ ನನಗೆ ಎಲ್ಲ ಸಲ ರುಚಿಸುವುದಿಲ್ಲ. ಡ್ರಮ್ಮಿನ ಗದ್ದಲದಲ್ಲಿ ರಾಗದ ಮುಖ ಮಸುಕಾಗುತ್ತದೆ ಎನ್ನಿಸುತ್ತದೆ. ಆದರೆ ಬರಿಯ ತಂಬೂರ, ಮೃದಂಗ ಇಟ್ಟುಕೊಂಡು ಆಲಾಪನೆಗೆ ಕೂತಾಗ ಕೇಳಬೇಕು. ಕಮಾನು ಎಳೆದದ್ದು ಉಸಿರು ಎಳೆದಂತಿರುತ್ತದೆ. ಅದು ಎಂಟನೇ ವಯಸ್ಸಿನಲ್ಲಿ ಬಂದದ್ದಲ್ಲ. ಎಂಟರಲ್ಲಿ ನೆಟ್ಟದ್ದಿರಬಹುದು.

ಮೇಲೆ ನೃತ್ಯಗ್ರಾಮದ ಮಾತು ಬಂತು. 1990ರಲ್ಲಿ ಪ್ರೊತಿಮಾ ಗೌರಿ ಬೇಡಿ ಅದನ್ನು ಇಲ್ಲಿ ಶುರು ಮಾಡಿದಾಗ ನಮ್ಮೂರಿನವರು ತಲೆಗೊಂದು ಮಾತಾಡಿದ್ದರು. ಅಲ್ಲಿನ ಹುಡುಗಿಯರು ಬೆಳಗ್ಗೆ ಎದ್ದು ಕಸ ಗುಡಿಸಿ, ಅಡುಗೆಗೆ ಕೈ ಹಾಕಿ, ಮತ್ತೆ ಮತ್ತೆ ಒಂದೇ ಹೆಜ್ಜೆ ಹಾಕುವುದನ್ನು ಕಂಡು ಬಂದು "ಇದೇನು ಡ್ಯಾನ್ಸೋ, ಜೀತವೋ" ಎಂದವರುಂಟು. ಪ್ರೊತಿಮಾ 1998ರಲ್ಲಿ ಹಿಮಾಲಯದ ಭೂಕುಸಿತದಲ್ಲಿ ಹೋದರು. ಅವರ ಶಿಷ್ಯೆ ಸುರೂಪಾ ಸೇನ್ ಕಟ್ಟಿದ ತಂಡವನ್ನು ಜಗತ್ತೇ ನೋಡಿತು. ಆ ತಂಡದ ಬಗ್ಗೆ ಬರೆದವರು ಯಾರೂ ನರ್ತಕಿಯರ ವಯಸ್ಸನ್ನು ಮೊದಲ ಸಾಲಿನಲ್ಲಿ ಹಾಕಿದ್ದು ನಾನು ಕಾಣೆ.

ಇಷ್ಟೆಲ್ಲ ಆ ಸಂಜೆ ನನ್ನ ತಲೆಯಲ್ಲಿ ಓಡುತ್ತಿತ್ತು. ಎದುರಿಗೆ ಆ ತಾಯಿ ಕಾಯುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನು ಹೇಳಿಬಿಡಬೇಕು. ಮಗಳನ್ನು ವಾರಕ್ಕೆ ಮೂರು ದಿನ ಎರಡು ಬಸ್ಸು ಬದಲಾಯಿಸಿ ಪಾಠಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಪಾಠ ಮುಗಿಯುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಾರಂತೆ. ತಮಗೆ ಕಲಿಯುವ ಆಸೆ ಇತ್ತು, ಮನೆಯಲ್ಲಿ ಕಳಿಸಲಿಲ್ಲ ಎಂದರು. ಇಂಥ ತಾಯಂದಿರು ಇಲ್ಲದಿದ್ದರೆ ನಮ್ಮ ಸಂಗೀತದ ಅರ್ಧ ಬಾಗಿಲು ಎಂದೋ ಮುಚ್ಚಿರುತ್ತಿತ್ತು.

"ಮೊಬೈಲಿನದು ಬೇಡ, ಇಲ್ಲೇ ನುಡಿಸಲಿ" ಎಂದೆ. ಮಗುವಿಗೆ ಏನು ನುಡಿಸುತ್ತೀಯಾ ಎಂದು ಕೇಳಿದರೆ ಮತ್ತೆ ಕದನಕುತೂಹಲವೇ. "ಮೋಹನ ವರ್ಣ ಬರುತ್ತಾ?" "ಬರುತ್ತೆ ಅಜ್ಜಿ, ಮೂರು ಕಾಲದಲ್ಲೂ ಬರುತ್ತೆ." "ಒಂದನೇ ಕಾಲದಲ್ಲಿ ಮಾತ್ರ ನುಡಿಸು." ಮುಖ ಸಣ್ಣದಾಯಿತು. "ನಿಧಾನಕ್ಕೆ ನುಡಿಸಿದ್ರೆ ಯಾರೂ ನೋಡಲ್ಲ ಅಜ್ಜಿ" ಎಂದಿತು.

ನುಡಿಸಿತು. ಎರಡನೆಯ ಸಾಲಿಗೇ ಓಡಲು ಶುರು ಮಾಡಿತು. ನಾನು ತೊಡೆಯ ಮೇಲೆ ತಾಳ ಹಾಕಿ ಹಿಡಿದು ನಿಲ್ಲಿಸಿದೆ. ಮತ್ತೆ ಮೊದಲಿಂದ. ನಿಧಾನದಲ್ಲಿ ಎಲ್ಲ ಬಯಲಾಗುತ್ತದೆ. ಕಮಾನು ತಂತಿ ಬದಲಾಯಿಸುವಾಗ ಕಿರುಗುಟ್ಟಿತು. ಗಾಂಧಾರ ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ತಾರಷಡ್ಜಕ್ಕೆ ಹೋದಾಗ ಬೆರಳು ಒಂದು ಎಳೆ ಕೆಳಗೆ ಕೂತಿತು. ನಾನು ಬಾಯಿ ತೆರೆಯಲಿಲ್ಲ. ತಾಯಿಗೆ ಅದು ಗೊತ್ತಾಗಲಿಲ್ಲ. ಮಗುವಿನ ಹುಬ್ಬು ಗಂಟಿಕ್ಕಿತು. ಕಮಾನು ನಿಲ್ಲಿಸದೆ ಬೆರಳನ್ನು ಕೂದಲಷ್ಟು ಮೇಲಕ್ಕೆ ಜರುಗಿಸಿತು. ಷಡ್ಜ ಶ್ರುತಿಗೆ ಸೇರಿತು. ಸೇರಿದ್ದು ಅದಕ್ಕೆ ಗೊತ್ತಾಯಿತು. ಆ ಒಂದು ಗಳಿಗೆ ಅದು ತಾಯಿಯ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

ಒಳಗೆ ಹೋಗಿ ಒಂದು ಹಾಳೆಯಲ್ಲಿ ಬರೆದೆ. ಇಂಥ ದಿನ ಸಂಜೆ ಈ ಹುಡುಗಿ ನಮ್ಮ ಮನೆಯಲ್ಲಿ ಮೋಹನ ವರ್ಣವನ್ನು ಒಂದನೆಯ ಕಾಲದಲ್ಲಿ ನುಡಿಸಿದಳು. ಗಾಂಧಾರ ಶುದ್ಧವಾಗಿತ್ತು. ಕಮಾನಿನ ಕೆಲಸ ಇನ್ನೂ ಆಗಬೇಕು. ತಾರಷಡ್ಜ ತಪ್ಪಿದ್ದನ್ನು ಯಾರೂ ಹೇಳದೆ ತಾನೇ ಕೇಳಿಸಿಕೊಂಡು ಸರಿಮಾಡಿಕೊಂಡಳು, ಈ ಕಿವಿಯನ್ನು ಕಾಪಾಡಬೇಕು. ಇಷ್ಟೇ. ಕೆಳಗೆ ಸಹಿ.

ತಾಯಿ ಎರಡು ಸಲ ಓದಿದರು. "ವಯಸ್ಸೇ ಹಾಕಿಲ್ವಲ್ಲ ಅಮ್ಮಾ" ಎಂದರು. ಧ್ವನಿಯಲ್ಲಿ ಬೇಸರವಿತ್ತು. ತಪ್ಪಿದ್ದನ್ನು ಬರೆದಿದ್ದೀರಲ್ಲ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ನನ್ನ ನರೆ ನೋಡಿ ಸುಮ್ಮನಾದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಗೆ ಇಟ್ಟರು. ಕಮಿಟಿಯವರಿಗೆ ತೋರಿಸಲಾರರು ಎಂದು ನನಗೂ ಗೊತ್ತು. ಆ ರಾಮನವಮಿಯ ಒಂದು ಕಛೇರಿ ನನ್ನಿಂದ ತಪ್ಪಿತೇನೋ. ಅದು ಈಗಲೂ ಮನಸ್ಸನ್ನು ಕೊರೆಯುತ್ತದೆ.

ಬೀಳ್ಕೊಡಲು ಗೇಟಿನ ತನಕ ಹೋದೆ. ಮಗು ಚಪ್ಪಲಿ ಹಾಕಿಕೊಳ್ಳುತ್ತಾ ತಲೆಯೆತ್ತಿತು.

"ಅಜ್ಜಿ, ಆ ಮೇಲಿನ ಸಾ, ಆಮೇಲೆ ಸರಿ ಬಂತಲ್ವಾ?"

"ಬಂತು."

"ಪೂರ್ತಿ ಸರಿ?"

"ಪೂರ್ತಿ."

"ಇನ್ನೊಂದ್ಸಲ ನುಡಿಸಿ ನೋಡ್ಲಾ? ಮೊದಲ ಸಲಕ್ಕೇ ಬರುತ್ತಾ ಅಂತ?"

ತಾಯಿ ಗಡಿಯಾರ ನೋಡಿದರು. ಬಸ್ಸಿಗೆ ಇನ್ನು ಹತ್ತು ನಿಮಿಷವಿತ್ತು. ಮಗು ಆಗಲೇ ಜಗಲಿಯ ಮೇಲೆ ಕೂತು ಪೆಟ್ಟಿಗೆಯ ಕೊಂಡಿ ತೆಗೆಯುತ್ತಿತ್ತು.